ಉದ್ರಿ ಪುಸ್ತಕಗಳಿಂದ ಅಪ್ಪಯ್ಯನ ಜೀವನಚರಿತ್ರೆ: ನನ್ನ ಅನುಭವ

ಸಾಗರದ ಪೇಟೆಯಲ್ಲಿ ಐವತ್ತೇಳು ವರ್ಷ ಔಷಧಿ ಅಂಗಡಿ ನಡೆಸಿ, ತೊಂಬತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡ ನಮ್ಮ ಅಪ್ಪಯ್ಯನ ಬದುಕನ್ನು ಅವರ ಕಿರ್ದಿ (ದಿನದ ಲೆಕ್ಕ) ಮತ್ತು ಉದ್ರಿ (ಸಾಲದ ಲೆಕ್ಕ) ಪುಸ್ತಕಗಳಿಂದಲೇ ಬರೆಯುತ್ತೇನೆಂದು ನಾನು ಹೇಳಿದಾಗ ಮನೆಯಲ್ಲಿ ಒಬ್ಬರೂ ಒಪ್ಪಲಿಲ್ಲ. "ಉದ್ರಿ ಲೆಕ್ಕ ಓದಿ ಯಾರಿಗೆ ಏನಾಗಬೇಕು? ನಾಲ್ಕು ಜನರ ಹತ್ತಿರ ಲೇಖನ ಬರೆಸು, ಫೋಟೋ ಹಾಕು, ಮುಗಿಸು" ಎಂದು ಅಣ್ಣ ಹೇಳಿದ. ಈಗ ಇನ್ನೂರ ಹನ್ನೆರಡು ಪುಟಗಳ ಪುಸ್ತಕ ಅಚ್ಚಾಗಿ, ಇನ್ನೂರು ಪ್ರತಿಗಳಲ್ಲಿ ಹದಿನೈದೋ ಹದಿನಾರೋ ಮಾತ್ರ ಉಳಿದಿವೆ. ಬೇಡವೆಂದ ಅಣ್ಣನೇ ಹತ್ತು ಪ್ರತಿ ಒಯ್ದಿದ್ದಾನೆ. ಮನೆಯ ಹಿರಿಯರ ನೆನಪಿನ ಸಂಪುಟ ತರುವವರು ಅನೇಕರಿರುವುದರಿಂದ ನಾನು ಮಾಡಿದ್ದನ್ನು ಬರೆದಿಡುತ್ತಿದ್ದೇನೆ.

ಮೊದಲ ಎಂಟು ತಿಂಗಳು ಎಲ್ಲರೂ ಹೋಗುವ ದಾರಿಯಲ್ಲೇ ಹೋಗಿ ಸೋತೆ. ಸುಮಾರು ನಲವತ್ತು ಜನರಿಗೆ ಪತ್ರ ಬರೆದು ಲೇಖನ ಕೇಳಿದೆ. ಇಪ್ಪತ್ತಾರು ಬಂದವು. ಪ್ರತಿಯೊಂದರಲ್ಲಿಯೂ ಅಪ್ಪಯ್ಯ ಸರಳ ಸಜ್ಜನರು, ಪರೋಪಕಾರಿಗಳು, ನಗುಮುಖದವರು. ಹೆಸರು ಅಳಿಸಿದರೆ ಅದು ಯಾರ ಅಪ್ಪನೂ ಆಗಬಹುದಿತ್ತು. ಅಮ್ಮನ ಮುಂದೆ ಮೊಬೈಲಿಟ್ಟು ಮೂರು ದಿನ ಪ್ರಶ್ನೆ ಕೇಳಿದೆ. "ಅವರು ಯಾರಿಗೂ ನೋವು ಮಾಡಿದವರಲ್ಲ" ಎಂಬ ಮಾತಿನಿಂದ ಆಚೆಗೆ ಅವಳು ಹೋಗಲಿಲ್ಲ.

ಒಂದು ಮಧ್ಯಾಹ್ನ ಅಟ್ಟದಿಂದ ಇಳಿಸಿದ ಕಟ್ಟಿನ ಧೂಳು ಒರೆಸುತ್ತ, ಕೈಗೆ ಬಂದ ಪುಟದ ಒಂದು ಸಾಲನ್ನು ಸುಮ್ಮನೆ ಗಟ್ಟಿಯಾಗಿ ಓದಿದೆ: "ಮನೆಗೆ, ಗ್ರೈಪ್ ವಾಟರ್ 1." ಅಕ್ಕಿ ಆರಿಸುತ್ತಿದ್ದ ಅಮ್ಮ ತಲೆಯೆತ್ತದೆ, "ಅದು ನಿನ್ನ ದೊಡ್ಡಕ್ಕನಿಗೆ. ರಾತ್ರಿಯಿಡೀ ಅಳುತ್ತಿದ್ದಳು, ಅಪ್ಪಯ್ಯ ಅವಳನ್ನು ಹೆಗಲ ಮೇಲೆ ಹಾಕಿಕೊಂಡು ಜಗಲಿಯಲ್ಲಿ ಬೆಳಗಿನವರೆಗೆ ತಿರುಗಿದ್ದರು" ಎಂದಳು. ಅಂದಿನಿಂದ ನಾನು ಪ್ರಶ್ನೆ ಕೇಳುವುದನ್ನೇ ಬಿಟ್ಟೆ. ದಿನಕ್ಕೆ ಹತ್ತು ಹನ್ನೆರಡು ಸಾಲು ಓದಿ ಸುಮ್ಮನೆ ಕೂರುತ್ತಿದ್ದೆ. ಅಪ್ಪಯ್ಯ ತಮ್ಮ ಮನೆಗೆ ತಂದ ಔಷಧಿಯನ್ನೂ "ಮನೆ ಖಾತೆ"ಯಲ್ಲಿ ಪೂರ್ತಿ ಬೆಲೆಗೆ ಬರೆದು, ದೀಪಾವಳಿಯ ಅಂಗಡಿ ಪೂಜೆಗೆ ಮೊದಲು ಚುಕ್ತಾ ಮಾಡುತ್ತಿದ್ದರು. ಹಾಗಾಗಿ ನಾವು ಐದು ಮಕ್ಕಳ ಹುಟ್ಟು, ಹಲ್ಲು, ನಾಯಿಕೆಮ್ಮು, ಗೋವಿಂದಮಾವ ಎಂದು ನಾವು ಕರೆಯುತ್ತಿದ್ದ ಅಮ್ಮನ ಅಣ್ಣನ ಕೊನೆಯ ದಿನಗಳು, ಎಲ್ಲವೂ ಆ ಖಾತೆಯಲ್ಲಿವೆ.

ದೊಡ್ಡ ತೊಡಕು ತಾರೀಕಿನದು. ನಲವತ್ತೊಂದು ಪುಸ್ತಕಗಳಲ್ಲಿ ಅರ್ಧಕ್ಕೂ ಹೆಚ್ಚಿನವುಗಳ ಮೊದಲ ಹಾಳೆ ಹೋಗಿತ್ತು. ಒಳಗೆ ತಿಂಗಳು, ದಿನ ಮಾತ್ರ, ಇಸವಿಯಿಲ್ಲ. ಪುಟಗಳನ್ನು ಹಣದಿಂದಲೇ ವಿಂಗಡಿಸಿದೆ. ಆಣೆ, ಪೈ ಇದ್ದರೆ 1957ರ ಏಪ್ರಿಲ್‌ಗೆ ಹಿಂದಿನದು, ಅಥವಾ ಅದರ ಮರುವರ್ಷದ್ದು, ಏಕೆಂದರೆ ಹಳ್ಳಿಯವರ ಲೆಕ್ಕವನ್ನು ಅಪ್ಪಯ್ಯ ಕೆಲಕಾಲ ಎರಡೂ ರೀತಿಯಲ್ಲಿ ಬರೆದಿದ್ದರು. "ನ.ಪೈ.", ಅಂದರೆ ನಯಾ ಪೈಸೆ, ಎಂದಿದ್ದರೆ ಬಹುಮಟ್ಟಿಗೆ 1964ರ ಜೂನ್‌ಗೆ ಮೊದಲಿನದು, ಆಮೇಲೆ ಬರೀ ಪೈಸೆ. ನಡುವೆ ಸಿಕ್ಕ ಬಿಲ್ಲುಗಳಲ್ಲಿ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್‌ನ ನಂತರದ್ದು. "ಮೈಸೂರು ರಾಜ್ಯ" ಎಂಬ ಅಚ್ಚು ಮಾತ್ರ ಮೋಸ ಮಾಡಿತು: 1973ರಲ್ಲಿ ಹೆಸರು ಬದಲಾದರೂ ಹಳೆಯ ಬಿಲ್ ಪುಸ್ತಕ ಮುಗಿಯುವವರೆಗೆ ಅಪ್ಪಯ್ಯ ಅದನ್ನೇ ಬಳಸಿದ್ದರು, ಅದನ್ನು ನಂಬಿ ನಾನು ಒಂದಿಡೀ ಅಧ್ಯಾಯವನ್ನು ಎರಡು ವರ್ಷ ಹಿಂದಕ್ಕೆ ಹಾಕಿದ್ದೆ. ಮೂರು ವರ್ಷಕ್ಕೊಮ್ಮೆ ನಡೆಯುವ ನಮ್ಮೂರ ಮಾರಿಕಾಂಬಾ ಜಾತ್ರೆಯ ವಾರದಲ್ಲಿ ವ್ಯಾಪಾರ ಇಮ್ಮಡಿಯಾಗುತ್ತಿತ್ತು. ಆ ಉಬ್ಬನ್ನು ಮೊಳೆಯಂತೆ ಹೊಡೆದು ಉಳಿದ ವರ್ಷಗಳನ್ನು ಅದಕ್ಕೆ ನೇತುಹಾಕಿದೆ.

ಮಿಶ್ರಣಗಳ ನೋಟುಬುಕ್ಕಿನಲ್ಲಿ ಇನ್ನೊಂದು ತಪ್ಪು ಮಾಡಿದೆ. ಅಪ್ಪಯ್ಯ ಅಂಗಡಿ ಹಾಕುವ ಮೊದಲು ಏಳು ವರ್ಷ ಒಬ್ಬ ಡಾಕ್ಟರ ಬಳಿ ಕಾಂಪೌಂಡರ್ ಆಗಿದ್ದರು. 1948ರ ಫಾರ್ಮಸಿ ಕಾಯಿದೆ ಬಂದ ಮೇಲೆ ಆ ಅನುಭವದ ಬಲದಿಂದಲೇ ಅವರಿಗೆ ನೋಂದಣಿ ಸಿಕ್ಕಿತ್ತು. ಆ ಕಾಲದ ನೋಟುಬುಕ್ಕಿನಲ್ಲಿ ಔಷಧಿಯ ಹಳೆಯ ಅಳತೆಯಾದ ಡ್ರಾಮ್‌ಗೆ ಬಳಸುವ ಗುರುತು ಇಂಗ್ಲಿಷಿನ ಮೂರರಂತೆಯೇ ಕಾಣುತ್ತದೆ. ಅದನ್ನು ಮೂರೆಂದೇ ಓದಿ ಅರವತ್ತು ಪುಟ ನಕಲು ಮಾಡಿದ್ದೆ. ನಿವೃತ್ತರಾದ ಒಬ್ಬ ಫಾರ್ಮಸಿಸ್ಟರು ನೋಡಿ, "ಇಷ್ಟು ಹಾಕಿದ್ದರೆ ನಿಮ್ಮ ತಂದೆಯವರು ಜೈಲಿನಲ್ಲಿರುತ್ತಿದ್ದರು" ಎಂದರು. ಎಲ್ಲವನ್ನೂ ಮತ್ತೆ ಬರೆದೆ. ಅದೇ ಸಂದರ್ಭದಲ್ಲಿ ಅಪ್ಪಯ್ಯನ ಪುಟ್ಟ ತಕ್ಕಡಿಯ ಹಿತ್ತಾಳೆ ಬಟ್ಟುಗಳನ್ನು ಅಕ್ಕಸಾಲಿಗರ ಅಂಗಡಿಗೆ ಒಯ್ದು ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿಟ್ಟೆವು. ಅರ್ಧ ಡ್ರಾಮ್, ಅಂದರೆ ಮೂವತ್ತು ಗ್ರೇನ್, ಲೆಕ್ಕದ ಪ್ರಕಾರ 1.94 ಗ್ರಾಂ ತೂಗಬೇಕು, 1.93 ತೂಗಿತು. ಅಷ್ಟು ವರ್ಷ ದಿನವೂ ಬೆರಳಲ್ಲಿ ಹಿಡಿದ ಬಟ್ಟು ಅದು!

ಹಣದ ವಿಷಯ. ಸ್ಕ್ಯಾನ್ ಮಾಡುವವರು ಪುಟಕ್ಕೆ ಏಳು ರೂಪಾಯಿ ಹೇಳಿದರು. ಐದು ಸಾವಿರ ಪುಟಕ್ಕೆ ಮೂವತ್ತೈದು ಸಾವಿರ. ಬೇಡವೆಂದು ಸ್ಟ್ಯಾಂಡು, ಎರಡು ಎಲ್‌ಇಡಿ ದೀಪ, ಒಂದು ಗಾಜಿಗೆ ಸುಮಾರು ಎರಡೂವರೆ ಸಾವಿರ ಖರ್ಚುಮಾಡಿ ಮೊಬೈಲಿನಲ್ಲೇ ತೆಗೆದೆ. ಮೊದಲ ನಾನ್ನೂರು ಪುಟ ಟ್ಯೂಬ್‌ಲೈಟಿನ ನೆರಳು ಬಿದ್ದು ಹಾಳಾದವು. ಡಿಟಿಪಿಗೆ ಏಳೆಂಟು ಸಾವಿರ, ಮುದ್ರಣಕ್ಕೆ ಐವತ್ತೆಂಟು ಸಾವಿರದಷ್ಟು. ಯೂನಿಕೋಡ್‌ನಲ್ಲಿ ಕೊಟ್ಟ ನನ್ನ ಪಠ್ಯವನ್ನು ಮುದ್ರಣಾಲಯದವರು ಹಳೆಯ ಫಾಂಟಿಗೆ ಬದಲಿಸುವಾಗ ಅರ್ಕಾವತ್ತುಗಳೆಲ್ಲ ಚೆಲ್ಲಾಪಿಲ್ಲಿಯಾದವು. ಅಂತಿಮ ಕರಡು ನೋಡದೆ ಒಪ್ಪಿಗೆ ಕೊಟ್ಟಿದ್ದರಿಂದ ಐದು ಫಾರಂ (ಒಟ್ಟಿಗೆ ಅಚ್ಚಾಗುವ ಪುಟಗಳ ಕಟ್ಟು) ಮತ್ತೆ ಹಾಕಿಸಬೇಕಾಯಿತು. ಹನ್ನೊಂದು ಸಾವಿರ ನೀರುಪಾಲು.

ನಡುವೆ ಒಂದೆರಡು ಅಡ್ಡದಾರಿಗಳನ್ನೂ ಹಿಡಿದೆ. ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ 1957ರಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಿತ್ತಲ್ಲ, ಅದರ ಸುಳಿವು ಜ್ವರದ ಔಷಧಿಯ ಮಾರಾಟದಲ್ಲಿ ಸಿಗಬಹುದೆಂದು ತಿಂಗಳುವಾರು ನಕ್ಷೆ ಹಾಕಿದೆ. ಬೇಸಿಗೆಯ ಏರಿಕೆ ಎಲ್ಲ ವರ್ಷವೂ ಒಂದೇ ತೆರನಾಗಿದ್ದುದರಿಂದ ಕೈಬಿಟ್ಟೆ. ಇನ್ನೊಂದು ಪ್ರಯೋಗ ಫಲಿಸಿತು. ಹಿಂದೆ ಮಿಕ್ಸ್ಚರ್ ಶೀಸೆಗೆ ಅಳತೆಯ ಕಾಗದ ಅಂಟಿಸುತ್ತಿದ್ದರು. ಔಷಧಿಯ ಮಟ್ಟದಷ್ಟು ಉದ್ದದ ಪಟ್ಟಿಯನ್ನು ಹೊತ್ತಿಗೊಂದರಂತೆ ಸಮನಾಗಿ ಮಡಚಿ, ಮಡಿಕೆಯ ಎರಡೂ ಮೂಲೆಗಳನ್ನು ಕತ್ತರಿಯಿಂದ ಒಮ್ಮೆಲೇ ತುಂಡರಿಸಿ ಬಿಡಿಸಿದರೆ ಹಲ್ಲುಹಲ್ಲಾದ ಪಟ್ಟಿ ಬರುತ್ತದೆ; ಒಂದು ಹಲ್ಲಿಗೆ ಒಂದು ಹೊತ್ತಿನ ಔಷಧಿ. ವರ್ಷಾಂತಿಕದ ದಿನ ಮೊಮ್ಮಕ್ಕಳೆಲ್ಲ ಕೂತು ಬಣ್ಣದ ನೀರು ತುಂಬಿದ ಶೀಸೆಗಳಿಗೆ ಇದನ್ನು ಅಂಟಿಸಿದರು. ಅಮ್ಮ ಮೈದಾ ಗೋಂದು ಕಾಯಿಸಿಕೊಟ್ಟಳು.

ಮಾಸಿದ ನೀಲಿ ಶಾಯಿಯನ್ನು ಓದುವುದಕ್ಕೆ ನಾನು ಕಂಡುಕೊಂಡ ಉಪಾಯವೊಂದಿದೆ. ಇನ್ನೊಂದು ಕುಟುಂಬದ ಪುಸ್ತಕಕ್ಕೆ ಅದನ್ನೇ ಬಳಸುತ್ತಿರುವುದರಿಂದ ಇಲ್ಲಿ ಹೇಳುವುದಿಲ್ಲ. ಗಿರಾಕಿಗಳ ಹೆಸರನ್ನು ಮಾತ್ರ ಎಲ್ಲಿಯೂ ಅಚ್ಚುಹಾಕಿಲ್ಲ. ಯಾವ ಮನೆಗೆ ಯಾವ ಔಷಧಿ ಹೋಯಿತೆಂಬುದನ್ನು ಅಪ್ಪಯ್ಯ ಅಮ್ಮನಿಗೂ ಹೇಳಿದವರಲ್ಲ.

ಎಲ್ಲರ ಅನುಮಾನ ಬಿಟ್ಟಿದ್ದು ಒಂದು ಅಧ್ಯಾಯದಿಂದ. ನಮ್ಮ ಕಡೆಯ ತೋಟಿಗರು ಅಡಿಕೆ ಮಾರಿದ ಮೇಲೆಯೇ ವರ್ಷದ ಬಾಕಿ ಕೊಡುವವರು. ಅರವತ್ತರ ದಶಕದ ಆರಂಭದ ಒಂದು ಪುಸ್ತಕದಲ್ಲಿ ಮೂವತ್ತೇಳು ಖಾತೆಗಳು ಬಾಕಿ ಇರುವಂತೆಯೇ ನಿಂತಿವೆ; ಪ್ರತಿಯೊಂದಕ್ಕೂ ಅಡ್ಡಗೆರೆ ಎಳೆದು, "ಮುಳುಗಡೆ" ಎಂದು ಒಂದೇ ಪದ ಬರೆದಿದ್ದಾರೆ. ಲಿಂಗನಮಕ್ಕಿ ಅಣೆಕಟ್ಟಿನ ನೀರಿಗೆ ಊರು ಬಿಟ್ಟವರ ಖಾತೆಗಳು ಅವು. ಒಟ್ಟು ಬಾಕಿ ನಾನ್ನೂರ ಎಂಬತ್ತು ರೂಪಾಯಿಯ ಆಸುಪಾಸು, ಆ ಕಾಲಕ್ಕೆ ಅಂಗಡಿಯ ಎಷ್ಟೋ ತಿಂಗಳ ಬಾಡಿಗೆ. ವಸೂಲಿಗೆ ಕಾಗದ ಬರೆದ ಒಂದು ನಕಲೂ ಸಿಗಲಿಲ್ಲ.

ವರ್ಷಾಂತಿಕಕ್ಕೆ ಬಂದಿದ್ದ ಎಂಬತ್ತು ದಾಟಿದ ಹಿರಿಯರೊಬ್ಬರು ಊಟವಾದ ಮೇಲೆ ನನ್ನನ್ನು ಕರೆದು ಮೂಲ ಪುಸ್ತಕ ತೋರಿಸಲು ಕೇಳಿದರು. ಪುಟ ತಿರುವುತ್ತ ಒಂದು ಖಾತೆಯ ಮೇಲೆ ಬೆರಳಿಟ್ಟು, "ಇದು ನಮ್ಮ ಮನೆ" ಎಂದರು. ಊರಿನ ಹೆಸರು, ಮನೆಯ ಹೆಸರು, ಕೆಳಗೆ ಹರಳೆಣ್ಣೆ ಎರಡು ಔನ್ಸ್. ಅವರಿಗೆ ಆ ಪುಟದ ಫೋಟೋ ತೆಗೆದು ದೊಡ್ಡದಾಗಿ ಮಾಡಿಸಿ, ಚೌಕಟ್ಟು ಹಾಕಿಸಿ ಕಳಿಸಿದ್ದೇನೆ.