ಗುಳಿಗೆ ಪಟ್ಟಿಯ ಸಣ್ಣಕ್ಷರವನ್ನು ನೆನಪಿನಲ್ಲಿ ಉಳಿಸಿಕೊಳ್ಳುವುದು ಹೇಗೆ?

ಕಲಬುರಗಿಯ ಸೂಪರ್ ಮಾರ್ಕೆಟ್ ಆಸುಪಾಸಿನ ಯಾವುದೇ ಮೆಡಿಕಲ್ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೆ, ನೆಗಡಿ ಅಥವಾ ಮೈಕೈ ನೋವಿಗೆ ಗುಳಿಗೆ ಕೇಳಲು ಬರುವವರು ಅದನ್ನು ಯಾವ ಗುರುತಿನಿಂದ ನೆನಪಿಟ್ಟುಕೊಂಡಿದ್ದಾರೆ ಎಂಬುದು ತಿಳಿಯುತ್ತದೆ. ಒಬ್ಬರು ಬ್ರ್ಯಾಂಡಿನ ಹೆಸರು ಹೇಳುತ್ತಾರೆ, ಇನ್ನೊಬ್ಬರು ಪಟ್ಟಿಯ ಬಣ್ಣ ಹೇಳುತ್ತಾರೆ, ಮತ್ತೊಬ್ಬರು ಖಾಲಿ ಪಟ್ಟಿಯನ್ನೇ ಮುಂದೆ ಹಿಡಿಯುತ್ತಾರೆ. ಒಳಗಿರುವ ಔಷಧ ಯಾವುದು, ದಿನಕ್ಕೆ ಎಷ್ಟರವರೆಗೆ ತೆಗೆದುಕೊಳ್ಳಬಹುದು ಎಂಬ ಮಾತು ಬಾಯಿಗೆ ಬರುವುದು ಅಪರೂಪ. ಇದಕ್ಕೆ ಓದುಬರಹದ ಕೊರತೆಯೊಂದೇ ಕಾರಣವಲ್ಲ. ಲೇಬಲ್ ಬಹುಪಾಲು ಇಂಗ್ಲಿಷಿನಲ್ಲಿರುತ್ತದೆ, ಅಕ್ಷರ ತೀರಾ ಸಣ್ಣದಾಗಿರುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ, ಹಳೆಯ ಪರಿಚಯದ ಗುಳಿಗೆಯಾದರೆ ‘ಗೊತ್ತಿರುವುದೇ ಅಲ್ಲವೇ’ ಎಂದು ಓದಿದವರೂ ಅದನ್ನು ನೋಡುವುದಿಲ್ಲ.

ಲೇಬಲ್ಲನ್ನು ಪೂರ್ತಿ ಬಾಯಿಪಾಠ ಮಾಡುವ ಅಗತ್ಯವಿಲ್ಲ. ಕೆಲವೇ ಸಂಗತಿಗಳನ್ನು ಪ್ರತಿ ಸಲವೂ ಒಂದೇ ಕ್ರಮದಲ್ಲಿ ನೋಡುವ ರೂಢಿ ಬಿದ್ದರೆ ಸಾಕು.

ಮೊದಲು ಕೆಂಪು ಗೆರೆ

ಪಟ್ಟಿಯ ಮೇಲೆ ಉದ್ದನೆಯ ಕೆಂಪು ಗೆರೆ ಅಥವಾ ‘ಆರ್‌ಎಕ್ಸ್’ ಗುರುತು ಇದ್ದರೆ ಅದು ವೈದ್ಯರ ಚೀಟಿ ಬೇಕಾದ ಔಷಧ. ಮನೆಯಲ್ಲಿ ಉಳಿದಿದೆ ಎಂಬ ಕಾರಣಕ್ಕೆ ಅದನ್ನು ನುಂಗಬಾರದು. ಈ ಲೇಖನದ ಮುಂದಿನ ಮಾತು ಅದಕ್ಕೆ ಅನ್ವಯಿಸುವುದಿಲ್ಲ.

ಬ್ರ್ಯಾಂಡ್ ಬಿಟ್ಟು ಒಳಗಿನ ಹೆಸರು ಹಿಡಿಯಿರಿ

ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವ ಹೆಜ್ಜೆ ಇದು. ಜ್ವರದ ಗುಳಿಗೆಯಲ್ಲಿರುವ ಪ್ಯಾರಾಸಿಟಮಾಲ್ ನೆಗಡಿಯ ಅನೇಕ ಗುಳಿಗೆಗಳಲ್ಲಿಯೂ ಇರುತ್ತದೆ. ಅದರ ಜೊತೆಗೆ ನಿದ್ದೆ ತರುವ ಕ್ಲೋರ್‌ಫೆನಿರಮಿನ್ ಮತ್ತು ರಕ್ತದೊತ್ತಡ ಏರಿಸಬಲ್ಲ ಫಿನೈಲೆಫ್ರಿನ್ ಸೇರಿರುತ್ತವೆ. ಜ್ವರಕ್ಕೆಂದು 650 ಮಿಲಿಗ್ರಾಂನ ಪ್ಯಾರಾಸಿಟಮಾಲ್, ನೆಗಡಿಗೆಂದು 500 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇರುವ ಇನ್ನೊಂದು ಗುಳಿಗೆ, ಎರಡನ್ನೂ ದಿನಕ್ಕೆ ನಾಲ್ಕು ಸಲ ತೆಗೆದುಕೊಂಡವರ ಹೊಟ್ಟೆಗೆ ಒಟ್ಟು 4,600 ಮಿಲಿಗ್ರಾಂ ಹೋಗಿರುತ್ತದೆ. ಆರೋಗ್ಯವಂತ ವಯಸ್ಕರಿಗೂ 24 ಗಂಟೆಯ ಮಿತಿ 4,000 ಮಿಲಿಗ್ರಾಂ ಮಾತ್ರ. ಕುಡಿತದ ಚಟ ಇರುವವರಿಗೆ, ಯಕೃತ್ತಿನ ತೊಂದರೆ ಇರುವವರಿಗೆ, ತೂಕ ಕಡಿಮೆ ಇರುವವರಿಗೆ ಅದಕ್ಕಿಂತಲೂ ಕಡಿಮೆ. ಎರಡು ಪಟ್ಟಿಗಳ ಬಣ್ಣ ಬೇರೆ, ಹೆಸರು ಬೇರೆ ಆಗಿರುವುದರಿಂದ ಔಷಧವೂ ಬೇರೆ ಎಂದೇ ಮನಸ್ಸು ಲೆಕ್ಕ ಹಾಕುತ್ತದೆ. ಆದ್ದರಿಂದ ಮನೆಯಲ್ಲಿರುವ ಪಟ್ಟಿಗಳನ್ನು ಒಮ್ಮೆ ಹರಡಿಕೊಂಡು, ಒಂದೇ ಔಷಧ ಇರುವವುಗಳನ್ನು ಒಂದೇ ಪೊಟ್ಟಣಕ್ಕೆ ಹಾಕಿಡುವುದು ಒಳ್ಳೆಯದು.

ನೋವಿನ ಗುಳಿಗೆಗಳಲ್ಲಿ ಐಬುಪ್ರೊಫೆನ್ ಎಂಬ ಹೆಸರನ್ನೂ ಹುಡುಕಿ. ಹೊಟ್ಟೆಹುಣ್ಣು ಅಥವಾ ಮೂತ್ರಪಿಂಡದ ತೊಂದರೆ ಇರುವವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳದೆ ಅದನ್ನು ತೆಗೆದುಕೊಳ್ಳಬಾರದು. ಮಳೆಗಾಲದಲ್ಲಿ ಡೆಂಗಿಯ ಅನುಮಾನ ಇದ್ದಾಗ ಐಬುಪ್ರೊಫೆನ್, ಆಸ್ಪಿರಿನ್ ಎರಡೂ ಬೇಡ. ಅವು ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತವೆ.

ಯಾವುದು, ಎಷ್ಟು, ಏನಾದೀತು

ಅಮೆರಿಕದ ಡೇನಿಯಲ್ ಮಾರೋ ಮತ್ತು ಸಂಗಡಿಗರು 1990ರ ದಶಕದಲ್ಲಿ ಹಿರಿಯರ ಜೊತೆ ಅಧ್ಯಯನ ನಡೆಸಿ, ಔಷಧದ ಬಗ್ಗೆ ಜನರ ಮನಸ್ಸಿನಲ್ಲಿ ಆಗಲೇ ಒಂದು ಕ್ರಮ ಇರುತ್ತದೆಂದೂ, ಸೂಚನೆಗಳು ಆ ಕ್ರಮದಲ್ಲಿಯೇ ಬಂದರೆ ಹೆಚ್ಚು ನೆನಪಿನಲ್ಲಿ ಉಳಿಯುತ್ತವೆಂದೂ ಕಂಡುಕೊಂಡರು: ಔಷಧ ಯಾವುದು ಮತ್ತು ಏತಕ್ಕೆ, ತೆಗೆದುಕೊಳ್ಳುವುದು ಹೇಗೆ, ತೆಗೆದುಕೊಂಡರೆ ಏನಾಗಬಹುದು. ಅಲ್ಲಿ 1999ರ ನಿಯಮದ ಪ್ರಕಾರ ಚೀಟಿ ಇಲ್ಲದೆ ಮಾರುವ ಔಷಧಗಳ ಪೊಟ್ಟಣದ ಮೇಲೆ ಮಾಹಿತಿ ಒಂದೇ ಅನುಕ್ರಮದಲ್ಲಿರಬೇಕು. ನಮ್ಮಲ್ಲಿ ಒಂದು ಪಟ್ಟಿಯಲ್ಲಿ ಮೇಲಿದ್ದುದು ಇನ್ನೊಂದರಲ್ಲಿ ಅಂಚಿಗೆ ಸರಿದಿರುತ್ತದೆ. ಹಾಗಾಗಿ ಕ್ರಮವನ್ನು ಓದುವವರೇ ತಲೆಯಲ್ಲಿ ಇಟ್ಟುಕೊಂಡು ಹುಡುಕಬೇಕಾಗುತ್ತದೆ.

‘ಎಷ್ಟು’ ಎಂಬಲ್ಲಿಗೆ ಬಂದಾಗ ಒಂದು ತೊಡಕು ಎದುರಾಗುತ್ತದೆ. ಅನೇಕ ಪಟ್ಟಿಗಳ ಮೇಲೆ ಪ್ರಮಾಣದ ಜಾಗದಲ್ಲಿ ‘ವೈದ್ಯರು ಹೇಳಿದಂತೆ’ ಎಂದಷ್ಟೇ ಅಚ್ಚಾಗಿರುತ್ತದೆ. ವೈದ್ಯರನ್ನು ಕಾಣದೆ ಕೊಳ್ಳುವವರಿಗೆ ಇದರಿಂದ ಏನು ಉಪಯೋಗವೆಂದು ಕಂಪನಿಗಳೇ ಹೇಳಬೇಕು. ಇಂಥಲ್ಲಿ ಅಂಗಡಿಯ ಫಾರ್ಮಸಿಸ್ಟರನ್ನು ನೇರವಾಗಿ ಕೇಳಿ: “ಅಣ್ಣಾರ, ಇದರಾಗ ಪ್ಯಾರಾಸಿಟಮಾಲ್ ಅದ ಏನ್ರಿ? ದಿನಕ್ಕ ಎಷ್ಟರ ಮ್ಯಾಗ ತಗೋಬಾರದು?” ಅವರು ಹೇಳಿದ್ದಕ್ಕೆ ಸುಮ್ಮನೆ ತಲೆಯಾಡಿಸಿ ಹೊರಡದೆ, ಅಲ್ಲಿಯೇ ನಿಮ್ಮ ಮಾತಿನಲ್ಲಿ ತಿರುಗಿ ಹೇಳಿ. ತಪ್ಪು ಕೇಳಿಸಿಕೊಂಡಿದ್ದರೆ ಆಗಲೇ ಗೊತ್ತಾಗುತ್ತದೆ.

ಪಟ್ಟಿಯನ್ನು ಮಗುಚಿಟ್ಟು ಹೇಳಿ

ಮತ್ತೆ ಮತ್ತೆ ಓದುವುದಕ್ಕಿಂತ ಒಮ್ಮೆ ಓದಿ, ನೋಡದೆ ನೆನಪಿಸಿಕೊಳ್ಳುವುದು ಹೆಚ್ಚು ಫಲ ಕೊಡುತ್ತದೆ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದ ವಿದ್ಯಾರ್ಥಿಗಳೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ನೋಡದೆ ನೆನಪಿಸಿಕೊಂಡವರು ಅವರನ್ನು ಹಿಂದೆ ಹಾಕಿದ್ದರು. ಹಾಗಾಗಿ ಗುಳಿಗೆ ನುಂಗುವ ಮುನ್ನ ಪಟ್ಟಿಯನ್ನು ಮಗುಚಿಟ್ಟು, ಔಷಧದ ಹೆಸರು, ಎರಡು ಗುಳಿಗೆಗಳ ನಡುವಿನ ಅಂತರ, ದಿನದ ಮಿತಿ ಮತ್ತು ಎಚ್ಚರಿಕೆಯನ್ನು ಮನೆಯಲ್ಲಿ ಯಾರಿಗಾದರೂ ಹೇಳಿ, ಆಮೇಲೆ ತಿರುಗಿಸಿ ನೋಡಿ. ಸಾಮಾನ್ಯವಾಗಿ ತಪ್ಪಿಹೋಗುವುದು ಎಚ್ಚರಿಕೆಯೇ, ಏಕೆಂದರೆ ಅದು ನಮಗಲ್ಲ ಎಂದುಕೊಂಡೇ ಓದಿರುತ್ತೇವೆ.

ಕನ್ನಡದಲ್ಲಿ ಬರೆದು ಅಂಟಿಸಿ

ನೆನಪಿನ ಮೇಲೆಯೇ ಭಾರ ಹಾಕುವುದು ಬೇಡ. ಬಾಲ್‌ಪೆನ್ನಿನಿಂದ ಗುಳಿಗೆ ಪಟ್ಟಿಯ ಮೇಲೆ ಬರೆಯಲು ಹೋಗಬೇಡಿ. ಬೆಳ್ಳಿ ಬಣ್ಣದ ಆ ಹಾಳೆಯ ಮೇಲೆ ಶಾಯಿ ನಿಲ್ಲುವುದಿಲ್ಲ, ಒತ್ತಿದರೆ ಹಾಳೆ ಹರಿದು ಒಳಗಿನ ಗುಳಿಗೆಗೆ ಗಾಳಿ, ತೇವ ತಾಗುತ್ತದೆ. ಗಾಯಕ್ಕೆ ಹಚ್ಚುವ ಬಿಳಿ ಕಾಗದದ ಟೇಪಿನ ತುಂಡಿನ ಮೇಲೆ ‘ಪ್ಯಾರಾಸಿಟಮಾಲ್ 500, ಜ್ವರಕ್ಕೆ, ಕನಿಷ್ಠ 4 ತಾಸು ಬಿಟ್ಟು’ ಎಂದು ಬರೆದು ಅಂಟಿಸಿದರೆ ಬಹಳ ದಿನ ಉಳಿಯುತ್ತದೆ. ಮನೆಯ ಹಿರಿಯರು ಉರ್ದು ಅಥವಾ ಮರಾಠಿ ಓದುವವರಾದರೆ ಅದರಲ್ಲಿಯೇ ಬರೆಯಿರಿ.

ಅಂಗಡಿಯವರು ನಾಲ್ಕು ಗುಳಿಗೆ ಕತ್ತರಿಸಿ ಕೊಟ್ಟಾಗ ಅವಧಿ ಮುಗಿಯುವ ತಿಂಗಳು ಅವರ ಬಳಿ ಉಳಿದ ತುಂಡಿನಲ್ಲಿಯೇ ಇದ್ದುಬಿಡಬಹುದು. ಕೇಳಿ ಬರೆದುಕೊಳ್ಳಿ. ತಿಂಗಳು ಮತ್ತು ವರ್ಷವಷ್ಟೇ ಇದ್ದರೆ ಆ ತಿಂಗಳ ಕೊನೆಯ ದಿನದವರೆಗೆ ಬಳಸಬಹುದು ಎಂದರ್ಥ.

ಮಕ್ಕಳ ಸಿರಪ್ಪಿನಲ್ಲಿ ಸಂಖ್ಯೆಯನ್ನು ನೆನಪಿನಿಂದ ಹೇಳಲೇಬಾರದು. ಪ್ಯಾರಾಸಿಟಮಾಲ್ ಸಿರಪ್ 5 ಮಿಲಿಲೀಟರಿಗೆ 125 ಮಿಲಿಗ್ರಾಂ ಇರುವುದೂ ಇದೆ, 250 ಇರುವುದೂ ಇದೆ. ಹಸುಗೂಸಿನ ಹನಿಗಳಲ್ಲಿ ಒಂದೇ ಮಿಲಿಲೀಟರಿಗೆ 100 ಮಿಲಿಗ್ರಾಂ ಇರುತ್ತದೆ. ಪ್ರತಿ ಸಲ ಬಾಟಲಿ ನೋಡಿ, ಅದರ ಜೊತೆ ಬಂದ ಅಳತೆಯ ಮುಚ್ಚಳದಲ್ಲಿಯೇ ಅಳೆಯಿರಿ, ಅಡುಗೆಮನೆಯ ಚಮಚದಲ್ಲಿ ಅಲ್ಲ. ಹನಿ ಔಷಧವನ್ನು ಅದರದೇ ಡ್ರಾಪರ್‌ನಲ್ಲಿ ಹಾಕಿ.

ಕೊನೆಯದಾಗಿ, ಇಡುವ ಜಾಗ. ಅನೇಕ ಲೇಬಲ್‌ಗಳು 30 ಡಿಗ್ರಿ ಸೆಲ್ಸಿಯಸ್ ಮೀರದ ಕಡೆ ಇಡಿ ಎನ್ನುತ್ತವೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಜಿಲ್ಲೆಯಲ್ಲಿ ತಗಡಿನ ಮಾಡಿನ ಕೆಳಗಿನ ಹಲಗೆಯಾಗಲಿ, ಸ್ಕೂಟರಿನ ಡಿಕ್ಕಿಯಾಗಲಿ ಅದಕ್ಕೆ ತಕ್ಕ ಜಾಗವಲ್ಲ. ಬಿಸಿಲು ತಾಗದ ಒಳಕೋಣೆಯ ಗೋಡೆಗೂಡಿನಲ್ಲಿ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ ಇಡಿ.