ಕಾಲಿನ ಆಳದ ರಕ್ತನಾಳದಲ್ಲಿ ಹೆಪ್ಪು: ತಡೆಯುವುದು ಹೇಗೆ, ಗುರುತಿಸುವುದು ಹೇಗೆ

ಒಂದೇ ಕಾಲು ಊದಿಕೊಂಡು ಮೀನಖಂಡ ನೋಯುತ್ತಿದ್ದರೆ ಎಣ್ಣೆ ಹಚ್ಚಿ ನೀವಬೇಡಿ. ಸ್ನಾಯು ಹಿಡಿದುಕೊಂಡಿರಬಹುದು, ನಿಜ. ಆದರೆ ಒಳಗಿನ ಅಭಿಧಮನಿಯಲ್ಲಿ (ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳದಲ್ಲಿ) ರಕ್ತ ಹೆಪ್ಪುಗಟ್ಟಿದ್ದರೆ, ನೀವಿದಾಗ ಅದರ ತುಣುಕು ಕಿತ್ತು ಹೃದಯದ ಮೂಲಕ ಶ್ವಾಸಕೋಶಕ್ಕೆ ಹೋಗಿ ಕೂರಬಹುದು. ಡೀಪ್ ವೇನ್ ಥ್ರಾಂಬೋಸಿಸ್, ಅಂದರೆ ಡಿವಿಟಿಯಲ್ಲಿ ಪ್ರಾಣಕ್ಕೆ ಅಪಾಯ ಬರುವುದು ಹೀಗೆ.

ಕಾಲಿನ ರಕ್ತ ಮೇಲೇರಬೇಕಾದರೆ ಮೀನಖಂಡದ ಸ್ನಾಯು ಕೆಲಸ ಮಾಡಬೇಕು. ಪ್ರತಿ ಹೆಜ್ಜೆಗೂ ಅದು ಅಭಿಧಮನಿಯನ್ನು ಹಿಂಡುತ್ತದೆ, ಒಳಗಿನ ಕವಾಟಗಳು ರಕ್ತ ಕೆಳಗೆ ಜಾರದಂತೆ ತಡೆಯುತ್ತವೆ. ಕಾಲು ಅಲುಗದಿದ್ದಾಗ ಕವಾಟಗಳ ಹಿಂದಿನ ಮೂಲೆಗಳಲ್ಲಿ ರಕ್ತ ನಿಲ್ಲುತ್ತದೆ, ಹೆಪ್ಪು ಹೆಚ್ಚಾಗಿ ಶುರುವಾಗುವುದು ಅಲ್ಲೇ. ಇದರ ಜೊತೆಗೆ ನಾಳದ ಗೋಡೆಗೆ ಪೆಟ್ಟಾಗಿದ್ದರೆ ಅಥವಾ ರಕ್ತವೇ ಬೇಗ ಹೆಪ್ಪುಗಟ್ಟುವ ಸ್ಥಿತಿಯಲ್ಲಿದ್ದರೆ ಅಪಾಯ ಒಂದರ ಮೇಲೊಂದು ಕೂಡಿಕೊಳ್ಳುತ್ತದೆ. ಸೊಂಟದ ಅಥವಾ ಮೊಣಕಾಲಿನ ಕೀಲು ಬದಲಾವಣೆ, ಕ್ಯಾನ್ಸರ್, ಗರ್ಭಾವಸ್ಥೆ ಮತ್ತು ಹೆರಿಗೆಯ ನಂತರದ 6 ವಾರ, ಈಸ್ಟ್ರೋಜನ್ ಹಾರ್ಮೋನ್ ಇರುವ ಮಾತ್ರೆ (ಕೆಲವು ಗರ್ಭನಿರೋಧಕಗಳಂಥವು), ಕಾಲಿಗೆ ಪ್ಲಾಸ್ಟರ್, ಸ್ಥೂಲಕಾಯ, ಹಿಂದೊಮ್ಮೆ ಹೆಪ್ಪುಗಟ್ಟಿದ್ದು, ಮನೆತನದಲ್ಲಿ ಇದ್ದದ್ದು: ಇವುಗಳಲ್ಲಿ ನಿಮಗೆ ಎಷ್ಟು ಅನ್ವಯಿಸುತ್ತವೆ ಎಂದು ಮೊದಲೇ ಬರೆದಿಟ್ಟುಕೊಳ್ಳಿ. ಶಸ್ತ್ರಚಿಕಿತ್ಸೆಗೆ ಮುಂಚೆ ವೈದ್ಯರು ಕೇಳದಿದ್ದರೂ ಆ ಚೀಟಿ ಕೊಡಿ.

4 ಗಂಟೆಗಿಂತ ಉದ್ದದ ಪ್ರಯಾಣವಾದರೆ ಒಂದೆರಡು ಗಂಟೆಗೊಮ್ಮೆ ಎದ್ದು ನಡೆಯಿರಿ. ಕೂತಲ್ಲೇ ಮಾಡುವುದಾದರೆ, ಬೆರಳುಗಳನ್ನು ನೆಲಕ್ಕೆ ಒತ್ತಿ ಹಿಮ್ಮಡಿ ಎತ್ತಿ ಇಳಿಸಿ. ಆಮೇಲೆ ಹಿಮ್ಮಡಿ ಊರಿ ಬೆರಳುಗಳನ್ನು ಎತ್ತಿ. ಮೀನಖಂಡ ಗಟ್ಟಿಯಾಗುವುದು ಕೈಗೆ ತಿಳಿಯಬೇಕು, ಬರೀ ಪಾದ ಅಲ್ಲಾಡಿಸಿದರೆ ಸಾಲದು. ನೀರು ಕುಡಿಯುವುದು ಒಳ್ಳೆಯದೇ, ಆದರೆ ನಡಿಗೆಯ ಬದಲಿಗೆ ಅದು ಆಗುವುದಿಲ್ಲ.

ಅಪಾಯ ಹೆಚ್ಚಿರುವವರಿಗೆ ಪ್ರಯಾಣದಲ್ಲಿ ಮೊಣಕಾಲಿನ ಕೆಳಗಿನವರೆಗೆ ಬರುವ, ಕಾಲ್ಗಿಣ್ಣಿನ ಬಳಿ 15–30 ಎಂಎಂಎಚ್‌ಜಿ ಒತ್ತಡದ ಕಂಪ್ರೆಷನ್ ಸ್ಟಾಕಿಂಗ್ (ಕಾಲನ್ನು ಒತ್ತಿ ಹಿಡಿಯುವ ಬಿಗಿ ಕಾಲುಚೀಲ) ನೆರವಾಗುತ್ತದೆ. ಅಳತೆಯನ್ನು ಬೆಳಗ್ಗೆ, ಕಾಲು ಊದುವ ಮುಂಚೆ ತೆಗೆಯಿರಿ. ಕಾಲ್ಗಿಣ್ಣಿನ ಮೇಲೆ ತೀರಾ ಸಣ್ಣಗಿರುವ ಜಾಗದ ಸುತ್ತಳತೆ, ಮೀನಖಂಡದ ಅತಿ ದಪ್ಪ ಭಾಗದ ಸುತ್ತಳತೆ, ಹಿಮ್ಮಡಿಯಿಂದ ಮೊಣಕಾಲಿನ ಹಿಂಬದಿಯ ಮಡಿಕೆಯವರೆಗಿನ ಉದ್ದ, ಈ ಮೂರೂ ಬೇಕು. ಉದ್ದ ಹೆಚ್ಚಾಯಿತೆಂದು ಮೇಲಿನ ಅಂಚನ್ನು ಮಡಚುವುದೇ ದೊಡ್ಡ ತಪ್ಪು: ಮಡಿಕೆ ಕಾಲನ್ನು ಕಟ್ಟು ಹಾಕಿದಂತೆ ಬಿಗಿದು, ರಕ್ತ ಮೇಲೇರುವುದನ್ನೇ ತಡೆಯುತ್ತದೆ. ಪಾದಗಳಿಗೆ ಶುದ್ಧ ರಕ್ತದ ಹರಿವು ಕಡಿಮೆಯಿರುವವರು ವೈದ್ಯರನ್ನು ಕೇಳದೆ ಹಾಕಬಾರದು.

ಶಸ್ತ್ರಚಿಕಿತ್ಸೆಯಾದ ಮೇಲೆ ವೈದ್ಯರು ಒಪ್ಪಿದ ಕೂಡಲೇ ಎದ್ದು ನಡೆಯುವುದು ಎಲ್ಲಕ್ಕಿಂತ ಮುಖ್ಯ. ಮನೆಗೆ ಬಂದ ಮೇಲೂ ಸುಮಾರು 90 ದಿನ ಎಚ್ಚರ ಬೇಕು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎನೋಕ್ಸಾಪ್ಯಾರಿನ್ ಇಂಜೆಕ್ಷನ್ ಮನೆಯಲ್ಲೇ ಹಾಕಿಕೊಳ್ಳಲು ಹೇಳಿದ್ದರೆ, ಹೊಕ್ಕುಳಿನಿಂದ ಕನಿಷ್ಠ 5 ಸೆಂ.ಮೀ. ದೂರದಲ್ಲಿ ಹೊಟ್ಟೆಯ ಚರ್ಮವನ್ನು ಬೆರಳುಗಳಲ್ಲಿ ಹಿಡಿದೆತ್ತಿ, ಸೂಜಿಯನ್ನು ನೇರವಾಗಿ ಪೂರ್ತಿ ಚುಚ್ಚಿ. ಔಷಧ ಖಾಲಿಯಾಗಿ ಸೂಜಿ ಹೊರಬರುವವರೆಗೂ ಮಡಿಕೆ ಬಿಡಬೇಡಿ. ಪೂರ್ತಿ ಡೋಸ್ ತುಂಬಿಸಿಯೇ ಬಂದ ಸಿರಿಂಜಿನ ಗಾಳಿಗುಳ್ಳೆಯನ್ನು ಹೊರಹಾಕಲು ಹೋದರೆ ಔಷಧವೂ ಚೆಲ್ಲಿಹೋಗುತ್ತದೆ. ಚುಚ್ಚಿದ ಜಾಗವನ್ನು ಉಜ್ಜಿದರೆ ಚರ್ಮ ನೀಲಿಗಟ್ಟುತ್ತದೆ. ಒಮ್ಮೆ ಎಡಕ್ಕೆ ಹಾಕಿದರೆ ಮುಂದಿನದನ್ನು ಬಲಕ್ಕೆ ಹಾಕಿ.

ಅನುಮಾನ ಬಂದರೆ ಟೇಪ್ ಹಿಡಿಯಿರಿ. ಮೊಣಕಾಲ ಚಿಪ್ಪಿನ ಕೆಳಗೆ ಕೈಗೆ ಸಿಗುವ ಮೂಳೆಯ ಉಬ್ಬಿನಿಂದ 10 ಸೆಂ.ಮೀ. ಕೆಳಗೆ ಎರಡೂ ಕಾಲುಗಳ ಸುತ್ತಳತೆ ನೋಡಿ. ವ್ಯತ್ಯಾಸ 3 ಸೆಂ.ಮೀ.ಗಿಂತ ಹೆಚ್ಚಿದ್ದರೆ ವೈದ್ಯರೂ ಅದನ್ನು ಗಂಭೀರವಾಗಿ ಎಣಿಸುತ್ತಾರೆ. ಕಡಿಮೆಯಿದೆ ಎಂದು ಸಮಾಧಾನ ಪಡಬೇಡಿ; ಎಷ್ಟೋ ಹೆಪ್ಪುಗಳು ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ನೋವು, ಬಿಸಿ, ಕೆಂಪು, ಊತ ಒಂದೇ ಕಾಲಿನಲ್ಲಿದ್ದರೆ ಅದೇ ದಿನ ವೈದ್ಯರ ಬಳಿ ಹೋಗಿ. ಡಿ-ಡೈಮರ್ ರಕ್ತಪರೀಕ್ಷೆ ಮತ್ತು ಕಾಲಿನ ಡಾಪ್ಲರ್ ಸ್ಕ್ಯಾನ್‌ನಿಂದ ಸಾಮಾನ್ಯವಾಗಿ ವಿಷಯ ಗೊತ್ತಾಗುತ್ತದೆ. ಇದ್ದಕ್ಕಿದ್ದಂತೆ ಉಸಿರುಕಟ್ಟುವುದು, ಉಸಿರೆಳೆದಾಗ ಎದೆ ಚುಚ್ಚುವುದು, ಕೆಮ್ಮಿದಾಗ ರಕ್ತ, ತಲೆಸುತ್ತಿ ಬೀಳುವುದು, ಇವು ಬಂದರೆ ಮರುದಿನಕ್ಕೆ ಕಾಯದೆ ಆಗಲೇ ಆಂಬುಲೆನ್ಸ್ ಕರೆಸಿ.

ಹೆಪ್ಪು ಖಚಿತವಾದರೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಸಾಮಾನ್ಯವಾಗಿ ಕನಿಷ್ಠ 3 ತಿಂಗಳು ನಡೆಯುತ್ತದೆ. ಊತ ಇಳಿಯಿತೆಂದು ನೀವೇ ನಿಲ್ಲಿಸಬೇಡಿ. ರಿವರಾಕ್ಸಬಾನ್, ಅಪಿಕ್ಸಬಾನ್‌ನಂಥ ಮಾತ್ರೆಗಳ ಪರಿಣಾಮ ನಿಲ್ಲಿಸಿದ ಒಂದೆರಡು ದಿನದಲ್ಲೇ ಇಳಿದುಹೋಗುತ್ತದೆ. ವಾರ್ಫರಿನ್ ಆದರೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತಿಳಿಸುವ ಪರೀಕ್ಷೆಯ ಅಂಕಿ) ಸಾಮಾನ್ಯವಾಗಿ 2ರಿಂದ 3ರ ನಡುವೆ ಇರಬೇಕು, ಸೊಪ್ಪು ಬಿಡಬೇಕಿಲ್ಲ, ವಾರದಿಂದ ವಾರಕ್ಕೆ ತಿನ್ನುವ ಸೊಪ್ಪಿನ ಪ್ರಮಾಣ ಏರುಪೇರಾಗದಿದ್ದರೆ ಸಾಕು. ನೋವಿಗೆಂದು ಐಬುಪ್ರೊಫೆನ್ ಅಥವಾ ಡೈಕ್ಲೋಫೆನಾಕ್ ಅನ್ನು ವೈದ್ಯರನ್ನು ಕೇಳದೆ ನುಂಗಬೇಡಿ, ಜಠರದಲ್ಲಿ ರಕ್ತಸ್ರಾವವಾಗುವ ಅಪಾಯ ಏರುತ್ತದೆ. ಮಲ ಡಾಂಬರಿನಂತೆ ಕಪ್ಪಾದರೆ, ಮೂಗಿನ ರಕ್ತ ನಿಲ್ಲದಿದ್ದರೆ, ತಲೆಗೆ ಪೆಟ್ಟು ಬಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ, ಯಾವ ಮಾತ್ರೆ, ಕೊನೆಯ ಡೋಸ್ ಎಷ್ಟು ಹೊತ್ತಿಗೆ ಎಂದು ಮೊದಲೇ ಹೇಳಿ.