ವೆಂಡರ್ ಮೀಟ್‌ನಿಂದ ಕೆಲಸ ತರುವ ಬಗೆ: ಪೀಣ್ಯದ ಮಷಿನ್ ಶಾಪ್‌ನ ಅನುಭವ

ವೆಂಡರ್ ಮೀಟ್ ಅಂದರೆ ದೊಡ್ಡ ಕಂಪನಿಗಳು ತಮಗೆ ಬಿಡಿಭಾಗ ಮಾಡಿಕೊಡಬಲ್ಲವರನ್ನು ಕರೆದು ಭೇಟಿಯಾಗುವ ಸಭೆ. ಅಲ್ಲಿ ಕಂಪನಿಯ ಖರೀದಿ ಅಧಿಕಾರಿ ಮೇಜಿನ ಆಚೆ ಕೂತಿರುತ್ತಾರೆ, ಈಚೆ ಫೈಲ್ ಹಿಡಿದವರ ಸಾಲು. ತಲೆಗೆ ಮೂರೋ ನಾಲ್ಕೋ ನಿಮಿಷ ಸಿಕ್ಕರೆ ಹೆಚ್ಚು. ಅಷ್ಟರಲ್ಲಿ ‘ಎಲ್ಲಾ ಥರದ ಕೆಲಸ ಮಾಡ್ತೀವಿ ಸರ್’ ಅಂದುಬಿಟ್ಟರೆ ಅವರ ನೋಟ್‌ಬುಕ್ಕಿನಲ್ಲಿ ನಮ್ಮ ಹೆಸರಿನ ಮುಂದೆ ಬರೆದುಕೊಳ್ಳಲು ಏನೂ ಇರುವುದಿಲ್ಲ. ಅವರು ಬರೆದುಕೊಳ್ಳುವಂಥ ಒಂದೇ ಒಂದು ಖಚಿತ ಸಂಗತಿ ಕೊಟ್ಟು ಬರಬೇಕು. ಸಿಎನ್‌ಸಿ ಟರ್ನಿಂಗ್ (ಕಂಪ್ಯೂಟರ್ ನಿಯಂತ್ರಿತ ಲೇತ್) ಮತ್ತು ವಿಎಂಸಿ (ಕಂಪ್ಯೂಟರ್ ನಿಯಂತ್ರಿತ ಮಿಲ್ಲಿಂಗ್ ಮಷಿನ್) ಕೆಲಸದ ಸಣ್ಣ ಶಾಪ್ ನಡೆಸುವ ನಾನು ಹೋಗುವ ಮುಂಚೆ ಮಾಡಿಕೊಳ್ಳುವ ಸಿದ್ಧತೆಯೆಲ್ಲ ಇದಕ್ಕಾಗಿಯೇ.

ಮೊದಲು ತಿಳಿದಿರಬೇಕಾದ್ದು, ಅವರಿಗೂ ನಾವು ಬೇಕು. ಕೇಂದ್ರ ಸರ್ಕಾರದ 2012ರ ಖರೀದಿ ನೀತಿಯ ಪ್ರಕಾರ ಕೇಂದ್ರದ ಇಲಾಖೆಗಳೂ ಸಾರ್ವಜನಿಕ ಉದ್ದಿಮೆಗಳೂ ವರ್ಷದ ಖರೀದಿಯಲ್ಲಿ ಶೇ. 25ರಷ್ಟನ್ನು ಕಿರು ಮತ್ತು ಸಣ್ಣ ಉದ್ದಿಮೆಗಳಿಂದ ಮಾಡಬೇಕು. ಅದರೊಳಗೆ ಪರಿಶಿಷ್ಟ ಜಾತಿ, ಪಂಗಡದವರ ಉದ್ದಿಮೆಗಳಿಗೆ ಶೇ. 4, ಮಹಿಳೆಯರ ಉದ್ದಿಮೆಗಳಿಗೆ ಶೇ. 3. ಹಾಗಾಗಿ ನಮ್ಮದು ಇಂಥ ಉದ್ದಿಮೆ ಎಂದು ತೋರಿಸುವ ಉದ್ಯಮ್ ನೋಂದಣಿ ಸಂಖ್ಯೆ ನನ್ನ ವಿಸಿಟಿಂಗ್ ಕಾರ್ಡಿನಲ್ಲೂ ಇರುತ್ತದೆ, ಕೊಟೇಶನ್ನಿನಲ್ಲೂ ಇರುತ್ತದೆ.

ಕೈಯಲ್ಲಿ ಒಯ್ಯುವುದು ಒಂದೇ ಹಾಳೆ. ಹದಿನಾರು ಪುಟದ ಬಣ್ಣದ ಬ್ರೋಷರ್ ಯಾರೂ ಓದುವುದಿಲ್ಲ. ಹಾಳೆಯ ಮೇಲುಗಡೆ ಮಷಿನ್ ಪಟ್ಟಿ: ವಿಎಂಸಿಯ ಎಕ್ಸ್, ವೈ, ಝಡ್ ಚಲನೆ ಎಷ್ಟು ಮಿ.ಮೀ., ಟರ್ನಿಂಗ್‌ನಲ್ಲಿ ಹಿಡಿಯುವ ಗರಿಷ್ಠ ವ್ಯಾಸ, ಉದ್ದ. ಕೆಳಗೆ ದಿನನಿತ್ಯ ಕೈಗೆ ಬರುವ ಲೋಹಗಳು: ಇಎನ್ 8 (ಕಾರ್ಬನ್ ಸ್ಟೀಲ್), ಎಸ್‌ಎಸ್ 316 (ಸ್ಟೇನ್‌ಲೆಸ್ ಸ್ಟೀಲ್), ಅಲ್ಯೂಮಿನಿಯಂ 6061. ನಿಲ್ಲಿಸಬಲ್ಲ ಟಾಲರೆನ್ಸ್ (ಅಳತೆಯಲ್ಲಿ ಆಗಬಹುದಾದ ಹೆಚ್ಚುಕಡಿಮೆ), ಅಳೆಯುವ ಉಪಕರಣ, ಐಎಸ್‌ಒ ಸರ್ಟಿಫಿಕೇಟ್ ಇದ್ದರೆ ಅದು. ಕೊನೆಗೆ ಬಹಳ ಜನ ಬರೆಯದ ಒಂದು ಸಾಲು: ತಿಂಗಳಿಗೆ ಎಷ್ಟು ಗಂಟೆ ಖಾಲಿ ಇದೆ. ದಿನಕ್ಕೆ ಎರಡು ಶಿಫ್ಟ್, 16 ಗಂಟೆ, 25 ದಿನ ಅಂದರೆ ಒಂದು ಮಷಿನ್ನಿಗೆ 400 ಗಂಟೆ. ಅದರಲ್ಲಿ 280 ಗಂಟೆ ಬುಕ್ ಆಗಿದ್ದರೆ ‘120 ಗಂಟೆ ಕೊಡಬಲ್ಲೆ’ ಎಂದು ಬರೆಯುತ್ತೇನೆ. ಖರೀದಿಯವರು ಯೋಚಿಸುವುದು ಕೆಪಾಸಿಟಿ ಲೆಕ್ಕದಲ್ಲೇ ಆದ್ದರಿಂದ ಈ ಸಾಲಿಗೆ ಅವರ ಕಣ್ಣು ನಿಲ್ಲುತ್ತದೆ.

ಸ್ಯಾಂಪಲ್ ವಿಷಯಕ್ಕೆ ಹೆಚ್ಚು ಗಮನ ಕೊಡಬೇಕು. ಇನ್ನೊಬ್ಬ ಗ್ರಾಹಕರ ಪಾರ್ಟನ್ನು ಮೇಜಿನ ಮೇಲೆ ಇಡಲೇಬಾರದು. ಗೌಪ್ಯತೆಯ ಒಪ್ಪಂದ ಇರಲಿ ಬಿಡಲಿ, ಅವರ ಡ್ರಾಯಿಂಗ್ ಅವರ ಆಸ್ತಿ. ಇವತ್ತು ಅದನ್ನು ತೋರಿಸಿದವನು ನಾಳೆ ನಮ್ಮದನ್ನೂ ತೋರಿಸುತ್ತಾನೆ ಎಂದು ಎದುರಿಗಿರುವವರಿಗೆ ತಕ್ಷಣ ಅನ್ನಿಸುತ್ತದೆ. ನಮ್ಮದೇ ಡಿಸೈನಿನ ಡೆಮೊ ಪೀಸ್ ಮಾಡಿಕೊಳ್ಳುವುದು ಮೇಲು: ತೆಳು ಗೋಡೆ, ಆಳದ ಬೋರ್, ಒಂದು ಥ್ರೆಡ್ ಇದ್ದರೆ ಸಾಕು. ಜೊತೆಗೆ ಅದರ ಇನ್‌ಸ್ಪೆಕ್ಷನ್ ರಿಪೋರ್ಟ್. 25 ಎಚ್7 ಬೋರ್ ಅಂದರೆ ತೂತಿನ ವ್ಯಾಸ 25.000ದಿಂದ 25.021 ಮಿ.ಮೀ. ಒಳಗಿರಬೇಕು, ರಿಪೋರ್ಟಿನಲ್ಲಿ 25.009 ಅಂತ ಕಂಡರೆ ಕ್ವಾಲಿಟಿ ವಿಭಾಗದವರು ಆಮೇಲಷ್ಟೇ ಪೀಸನ್ನು ಕೈಗೆತ್ತಿಕೊಳ್ಳುತ್ತಾರೆ. ಇಎನ್ 8 ಪೀಸನ್ನು ಬರಿಗೈಯಲ್ಲಿ ನಾಲ್ಕು ಜನ ಮುಟ್ಟಿದರೆ ಬೆವರಿನ ಉಪ್ಪಿಗೆ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಏಳುತ್ತದೆ. ಅದಕ್ಕೇ ಚೀಲದಲ್ಲಿ ಹತ್ತಿ ಬಟ್ಟೆ, ತುಕ್ಕು ತಡೆಯುವ ಎಣ್ಣೆಯ ಸಣ್ಣ ಡಬ್ಬಿ, ತುಕ್ಕು ಬಾರದಂತೆ ಕಾಯುವ ವಿಸಿಐ ಕವರ್ ಇಟ್ಟುಕೊಂಡು, ಪ್ರತಿ ಮಾತುಕತೆಯಾದ ಮೇಲೆ ಒರೆಸಿ ಒಳಗಿಡುತ್ತೇನೆ.

ಮೇಜಿನ ಮುಂದೆ ನಮ್ಮ ಪರಿಚಯ ಎರಡು ವಾಕ್ಯ ಸಾಕು. ಆಮೇಲೆ ಕೇಳುವ ಪ್ರಶ್ನೆ: ‘ಸರ್, ಈಗ ಹೊರಗಡೆ ಕೊಡ್ತಿರೋದ್ರಲ್ಲಿ ಯಾವ ಪಾರ್ಟ್ ಲೇಟಾಗಿ ಬರ್ತಿದೆ, ಯಾವುದು ರಿಜೆಕ್ಟ್ ಆಗ್ತಿದೆ?’ ಚೆನ್ನಾಗಿ ನಡೆಯುತ್ತಿರುವ ವೆಂಡರನ್ನು ಬಿಡಿಸಿ ಯಾರೂ ಹೊಸಬರಿಗೆ ಕೆಲಸ ಕೊಡುವುದಿಲ್ಲ, ಬಾಗಿಲು ತೆರೆಯುವುದು ಅವರಿಗೆ ನೋವಿರುವ ಕಡೆ ಮಾತ್ರ. ಉತ್ತರ ಬಂದರೆ ಬ್ಯಾಚ್ ಎಷ್ಟು, ಮೆಟೀರಿಯಲ್ ಅವರದೋ ನಮ್ಮದೋ, ಪ್ಲೇಟಿಂಗ್ ಯಾರ ಹೊಣೆ ಎಂದು ಕೇಳುತ್ತೇನೆ. ಮೆಟೀರಿಯಲ್ ನಮ್ಮದಾದರೆ ನಮ್ಮ ದುಡ್ಡು ಪೇಮೆಂಟ್ ಬರುವ ತನಕ ಅವರ ಪಾರ್ಟಿನೊಳಗೇ ಸಿಕ್ಕಿಕೊಂಡಿರುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಕೆಲಸದಲ್ಲಿ ಇದು ಸಣ್ಣ ಮೊತ್ತವಲ್ಲ.

ಅಲ್ಲೇ ರೇಟ್ ಹೇಳುವುದಿಲ್ಲ. ಡ್ರಾಯಿಂಗ್ ನೋಡದೆ ಸೈಕಲ್ ಟೈಮ್ (ಒಂದು ಪೀಸಿಗೆ ಮಷಿನ್ ಮೇಲೆ ಹಿಡಿಯುವ ಹೊತ್ತು) ಗೊತ್ತಾಗುವುದಿಲ್ಲ, ಬಾಯಲ್ಲಿ ಬಂದ ಅಂಕಿಯೋ ಮುಂದಿನ ಚೌಕಾಸಿಯಲ್ಲಿ ಅದಕ್ಕಿಂತ ಮೇಲೆ ಹೋಗಲು ಬಿಡುವುದಿಲ್ಲ. ‘ಡ್ರಾಯಿಂಗ್ ಕಳಿಸಿ ಸರ್, ಎರಡು ದಿನದಲ್ಲಿ ಕೊಟೇಶನ್ ಕೊಡ್ತೀನಿ’ ಎನ್ನುತ್ತೇನೆ, ಎರಡು ದಿನದಲ್ಲಿ ಕೊಡುತ್ತೇನೆ.

ಅವರ ಕಾರ್ಡಿನ ಹಿಂಭಾಗದಲ್ಲಿ ಪಾರ್ಟ್, ಲೋಹ, ಸಂಖ್ಯೆ, ನಾನು ಒಪ್ಪಿಕೊಂಡದ್ದು, ಇಷ್ಟನ್ನು ಮುಂದಿನ ಮೇಜಿಗೆ ಹೋಗುವ ಮೊದಲೇ ಬರೆಯುತ್ತೇನೆ. ಲ್ಯಾಮಿನೇಟ್ ಮಾಡಿದ ಕಾರ್ಡಿನ ಮೇಲೆ ಇಂಕು ನಿಲ್ಲುವುದಿಲ್ಲ, ಅದಕ್ಕೇ ನನ್ನ ಕಾರ್ಡಿನ ಹಿಂಬದಿ ಲ್ಯಾಮಿನೇಷನ್ ಇಲ್ಲದೆ ಖಾಲಿ. ಅದೇ ಸಂಜೆ ಮೆಸೇಜ್ ಹೋಗಬೇಕು: ‘ನಮಸ್ತೆ ಮೇಡಂ, ಇವತ್ತು ಎಸ್‌ಎಸ್ 316 ಫ್ಲಾಂಜ್, ತಿಂಗಳಿಗೆ 200 ಪೀಸ್ ಬಗ್ಗೆ ಮಾತಾಡಿದ್ವಿ. ನಮ್ಮ ಮಷಿನ್ ಪಟ್ಟಿ ಇಮೇಲ್ ಮಾಡಿದ್ದೇನೆ.’ ಬರೀ ‘ನಿಮ್ಮನ್ನು ಭೇಟಿಯಾಗಿದ್ದು ಸಂತೋಷ’ ಅಂತ ಬರೆದರೆ ನಾವು ಯಾರೆಂದು ಅವರಿಗೆ ನೆನಪಾಗುವುದಿಲ್ಲ.

ವೆಂಡರ್ ನೋಂದಣಿ ಫಾರ್ಮ್ ಬಂದ ಮೇಲೆ ವಾರಗಟ್ಟಲೆ ಕಳೆಯುವುದು ಕಾಗದಪತ್ರ ಹುಡುಕುವುದರಲ್ಲಿ. ಜಿಎಸ್‌ಟಿ, ಪ್ಯಾನ್, ಉದ್ಯಮ್, ರದ್ದು ಮಾಡಿದ ಚೆಕ್, ಮೂರು ವರ್ಷದ ಬ್ಯಾಲೆನ್ಸ್ ಶೀಟ್ ಒಂದೇ ಫೋಲ್ಡರಿನಲ್ಲಿ ಸಿದ್ಧವಿರಲಿ. ಪೇಮೆಂಟ್ ಅವಧಿಯನ್ನು ಪರ್ಚೇಸ್ ಆರ್ಡರಿಗೆ ಮೊದಲೇ ಬರವಣಿಗೆಯಲ್ಲಿ ಪಡೆಯಬೇಕು. ಎಂಎಸ್‌ಎಂಇಡಿ ಕಾಯ್ದೆ, 2006ರಂತೆ ಕಿರು, ಸಣ್ಣ ಉದ್ದಿಮೆಗಳಿಗೆ ಅದು 45 ದಿನ ಮೀರುವಂತಿಲ್ಲ.

ಮಾದಾವರದ ಬಿಐಇಸಿ ಪ್ರದರ್ಶನ ಕೇಂದ್ರದಲ್ಲಿ ನಡೆಯುವ ಇಮ್‌ಟೆಕ್ಸ್‌ನಂಥ ಮಷಿನ್ ಪ್ರದರ್ಶನದ ರೀತಿಯೇ ಬೇರೆ. ಪೀಣ್ಯದಿಂದ ಈಗ ಹಸಿರು ಮಾರ್ಗದ ಮೆಟ್ರೊದಲ್ಲೇ ಹೋಗಬಹುದು. ಸ್ಟಾಲ್‌ಗಳಲ್ಲಿ ನಿಂತಿರುವವರು ಮಷಿನ್ ಮಾರಲು ಬಂದ ಸೇಲ್ಸ್‌ನವರು, ನಮ್ಮಿಂದ ಕೊಳ್ಳುವವರಲ್ಲ. ಆದರೆ ಮಷಿನ್ ತಯಾರಕರು ಬ್ರ್ಯಾಕೆಟ್, ಹೌಸಿಂಗ್‌ನಂಥ ಬಿಡಿಭಾಗಗಳನ್ನು ಹೊರಗೆ ಮಾಡಿಸುತ್ತಾರೆ. ಅಲ್ಲಿ ಕೇಳಬೇಕಾದ್ದು ಸೋರ್ಸಿಂಗ್, ಅಂದರೆ ಹೊರಗಿನಿಂದ ಮಾಡಿಸಿಕೊಳ್ಳುವ ಕೆಲಸ, ನೋಡಿಕೊಳ್ಳುವವರ ಹೆಸರು ಮತ್ತು ನಂಬರ್, ಅಷ್ಟೇ. ಕೊನೆಯ ದಿನ ಮಧ್ಯಾಹ್ನ ಹೋದರೆ ಎಲ್ಲರೂ ಪ್ಯಾಕಿಂಗ್‌ನಲ್ಲಿರುತ್ತಾರೆ. ಮೊದಲ ದಿನಗಳ ಬೆಳಗ್ಗೆಯೇ ಒಳ್ಳೆಯದು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಬೇಗ ಕೆಲಸ ಕೊಡುವುದು ಸಾಲಿನಲ್ಲಿ ಪಕ್ಕದಲ್ಲಿ ನಿಂತ ಇನ್ನೊಂದು ಶಾಪಿನವರು. ವೈರ್‌ಕಟ್ (ತಂತಿಯ ಕಿಡಿಯಿಂದ ಲೋಹ ಕತ್ತರಿಸುವ ಮಷಿನ್) ಇರುವವರಿಗೆ ಟರ್ನಿಂಗ್ ಬೇಕಾಗುತ್ತದೆ, ಗ್ರೈಂಡಿಂಗ್ ಇರುವವರಿಗೆ ವಿಎಂಸಿ ಗಂಟೆ ಬೇಕಾಗುತ್ತದೆ. ವೆಂಡರ್ ಕೋಡ್ ಬೇಡ, ಸಮಿತಿ ಬೇಡ. ‘ಅಣ್ಣ, ನಿಮ್ಮಲ್ಲಿ ಯಾವ ಮಷಿನ್ ಫುಲ್ ಇದೆ?’ ಎಂದು ಮಾತು ತೆಗೆದರೆ ಕಾಯುವ ಹೊತ್ತು ವ್ಯರ್ಥವಾಗುವುದಿಲ್ಲ. ಅಂಥ ಜಾಬ್ ವರ್ಕ್‌ನಲ್ಲೂ ಮಾಲು ಡೆಲಿವರಿ ಚಲನ್ ಮೇಲೆಯೇ ಓಡಾಡಬೇಕು, ಪೀಸ್ ಸಂಖ್ಯೆ ಎರಡೂ ಕಡೆ ಎಣಿಸಿ ಸಹಿ ಆಗಬೇಕು, ಸ್ಕ್ರ್ಯಾಪ್ ಯಾರಿಗೆ ಎಂಬುದು ಮೊದಲೇ ತೀರ್ಮಾನವಾಗಿರಬೇಕು.